ಪಂಡಿತಾ ರಮಾಬಾಯಿಯವರೂ ಅವರ ಪ್ರಶ್ನೆಗಳೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದವರು ಇರಲಾರರು. ವಿಧವೆಯರಿಗೆ ಆಶ್ರಯವಿತ್ತ ಪುಣ್ಯಾತ್ಮರೆಂದೂ, ಕ್ಷಾಮಕಾಲದಲ್ಲಿ ಅನಾಥ ಬಾಲಿಕೆಯರನ್ನು ಎತ್ತಿ ಸಲಹಿದ ತಾಯಿಯೆಂದೂ ಅವರ ಕಥೆಯನ್ನು ನಾವು ತರಗತಿಗಳಲ್ಲಿ ಹೇಳುತ್ತ ಬಂದಿರುವೆವು. ಆದರೆ ಹಾಗೆ ಹೇಳುವಾಗ ಅವರ ಜೀವಿತದ ಒಂದು ಭಾಗವನ್ನು ನಾವು ಯಾವಾಗಲೂ ಬೇಗನೆ ದಾಟಿಬಿಡುತ್ತಿದ್ದೆವು. ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದ ತರುವಾಯ ಸುಮಾರು ಎರಡೂವರೆ ವರುಷಗಳ ಕಾಲ ಅವರು ತಮ್ಮ ಗುರುಗಳೊಡನೆಯೇ ಕ್ರೈಸ್ತ ಸಿದ್ಧಾಂತಗಳ ವಿಷಯವಾಗಿ ವಾದಿಸಿದರೆಂಬುದೇ ಆ ಭಾಗ. ಈ ಸ್ಮರಣ ಸಂಚಿಕೆಗೆ ಒಂದು ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಕೇಳಿದಾಗ, ನಾವು ದಾಟುತ್ತಿದ್ದ ಆ ಸ್ಥಳದಲ್ಲಿಯೇ ಈ ಸಾರಿ ಸ್ವಲ್ಪ ನಿಲ್ಲಬೇಕೆಂದು ತೋರಿತು. ಅದಕ್ಕೆ ನಮ್ಮದೇ ಆದ ಒಂದು ಕಾರಣವುಂಟು. ಅದನ್ನು ಅದರ ಸ್ಥಾನದಲ್ಲಿ ಹೇಳುವೆವು.

ರಮಾಬಾಯಿಯವರು 1858ನೆಯ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯಸ್ಥಳದಲ್ಲಿ ಹುಟ್ಟಿದರು. ತಂದೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು. ಅವರ ಊರು ಕಾರ್ಕಳ ಸೀಮೆಯ ಮಾಳದ ಕಡೆಯದು. ಆದುದರಿಂದ ಮಹಾರಾಷ್ಟ್ರದವರೆಂದು ಲೋಕವು ತಿಳಿದಿರುವ ಈ ಮಹಿಳೆಯು ಹುಟ್ಟಿದ್ದು ನಮ್ಮ ನೆಲದಲ್ಲಿಯೇ. ಶಾಸ್ತ್ರಿಗಳು ಯೌವನದಲ್ಲಿ ಪುಣೆಯಲ್ಲಿ ಓದುತ್ತಿದ್ದಾಗ, ತಮ್ಮ ಗುರುಗಳು ಪೇಶ್ವೆಯ ಅರಮನೆಯ ರಾಣಿಗೆ ಸಂಸ್ಕೃತ ಪಾಠವನ್ನು ಹೇಳುತ್ತಿದ್ದುದನ್ನು ತಿಳಿದು, ಹೆಂಗಸರೂ ದೇವಭಾಷೆಯನ್ನು ಕಲಿಯಬಲ್ಲರೆಂದು ಬೆರಗಾದರಂತೆ. ಮುಂದೆ ತಮ್ಮ ಎಳೆಯ ಪತ್ನಿ ಲಕ್ಷ್ಮೀಬಾಯಿಯವರಿಗೆ ತಾವೇ ಸಂಸ್ಕೃತವನ್ನು ಕಲಿಸಿದರು. ಊರಿನವರು ಇದನ್ನು ಮೆಚ್ಚಲಿಲ್ಲ. ಪಂಡಿತರ ಸಭೆಯ ಮುಂದೆ ಶಾಸ್ತ್ರಿಗಳು ತಮ್ಮ ನಡತೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ಶಾಸ್ತ್ರಗಳಿಂದಲೇ ಆಧಾರಗಳನ್ನು ತೆಗೆದು ತೋರಿಸಿ, ಆ ಮೇಲೆ ಊರಿನ ಗೊಡವೆಯೇ ಬೇಡವೆಂದು ಕಾಡಿನಲ್ಲಿ ಮನೆಯನ್ನು ಕಟ್ಟಿಕೊಂಡರು.

ರಮಾಬಾಯಿಯವರು ಇನ್ನೂ ಹಸುಗೂಸಾಗಿದ್ದಾಗಲೇ ಆ ಮನೆಯನ್ನು ಬಿಡಬೇಕಾಗಿ ಬಂದಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಅವರನ್ನು ಮಲಗಿಸಿ ಹೊತ್ತುಕೊಂಡು ಘಟ್ಟದಿಂದ ಇಳಿದರೆಂದು ಅವರೇ ಬರೆದಿರುವರು. ಅಲ್ಲಿಂದ ಮುಂದೆ ಕುಟುಂಬಕ್ಕೆ ತೀರ್ಥಯಾತ್ರೆಯೇ ಜೀವನವಾಯಿತು. ಪುಣ್ಯಕ್ಷೇತ್ರಗಳಲ್ಲಿ ಕುಳಿತು ಪುರಾಣವನ್ನು ಓದುವುದು, ಕೇಳುವವರು ಕೊಟ್ಟುದರಿಂದ ಹೊಟ್ಟೆ ಹೊರೆಯುವುದು. ತಾಯಿಯು ಮಗಳನ್ನು ಬೆಳಗು ಹರಿಯುವ ಮುನ್ನವೇ ಎಬ್ಬಿಸಿ, ಹಕ್ಕಿಗಳ ದನಿಯೊಡನೆ ಪಾಠವನ್ನು ಹೇಳಿಕೊಡುತ್ತಿದ್ದರು. ಭಾಗವತದ ಸಹಸ್ರಾರು ಶ್ಲೋಕಗಳು ಬಾಲ್ಯದಲ್ಲಿಯೇ ಕಂಠಸ್ಥವಾದುವು. ಬಾಲ್ಯವಿವಾಹವು ಅನಿವಾರ್ಯವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಆ ತಂದೆತಾಯಿಗಳು ಮಗಳನ್ನು ಮದುವೆಗೆ ಅವಸರಪಡಿಸಲಿಲ್ಲ.

ಆ ಮೇಲೆ ಮದ್ರಾಸು ಪ್ರಾಂತದ ಕ್ಷಾಮವು ಬಂದಿತು. ತಂದೆ, ತಾಯಿ, ಅಕ್ಕ, ಮೂವರೂ ಕೆಲವೇ ತಿಂಗಳ ಅಂತರದಲ್ಲಿ ಹಸಿವಿನಿಂದ ತೀರಿಕೊಂಡರು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾಬಾಯಿ. ಇವರಿಬ್ಬರೂ ಕಾಲ್ನಡಿಗೆಯಿಂದ ಉತ್ತರ ದೇಶವನ್ನೆಲ್ಲ ಸುತ್ತಿದರು. ಝೇಲಂ ನದಿಯ ದಂಡೆಯಲ್ಲಿ ಚಳಿಯನ್ನು ತಡೆಯಲಾರದೆ, ಮರಳಿನಲ್ಲಿ ಗೋರಿಗಳಂತೆ ಎರಡು ಗುಂಡಿಗಳನ್ನು ತೋಡಿ, ತಲೆ ಮಾತ್ರ ಹೊರಗಿರುವಂತೆ ಮರಳನ್ನು ಹೊದ್ದುಕೊಂಡು ರಾತ್ರಿ ಕಳೆದರಂತೆ. ದೇವತೆಗಳು ನಮ್ಮ ಸೇವೆಯನ್ನು ಕಂಡರೋ ಇಲ್ಲವೋ ಎಂಬ ಪ್ರಶ್ನೆಯು ಮೊದಲು ಮೂಡಿದ್ದು ಆ ವರುಷಗಳಲ್ಲಿ. ಅವರ ಎಲ್ಲಾ ಪ್ರಶ್ನೆಗಳೂ ಪುಸ್ತಕದಿಂದ ಹುಟ್ಟಿದುವಲ್ಲವೆಂಬುದನ್ನು ನಮ್ಮ ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

1878ರಲ್ಲಿ ಅಣ್ಣತಂಗಿಯರು ಕಲ್ಕತ್ತೆಗೆ ಬಂದರು. ಇಪ್ಪತ್ತು ವರುಷದ ಯುವತಿಯು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದನ್ನು ಕೇಳಿ ಅಲ್ಲಿಯ ಪಂಡಿತರು ಅವರಿಗೆ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನಿತ್ತರು. ಅವರು ಮೊದಲನೆಯ ಬಾರಿ ಕ್ರೈಸ್ತರ ಕೂಟವೊಂದಕ್ಕೆ ಹೋದದ್ದೂ ಅಲ್ಲಿಯೇ. ಜನರು ಕುರ್ಚಿಗಳ ಮುಂದೆ ಮೊಣಕಾಲೂರಿದ್ದನ್ನು ಕಂಡು, ಇವರು ಕುರ್ಚಿಗಳನ್ನು ಪೂಜಿಸುವರೆಂದು ಅವರು ತಿಳಿದರು! ಧರ್ಮಶಾಸ್ತ್ರಗಳಲ್ಲಿ ಸ್ತ್ರೀಯರ ಕರ್ತವ್ಯವೇನೆಂದು ಉಪನ್ಯಾಸ ಮಾಡಬೇಕೆಂದು ಕೆಲವರು ಕೇಳಲು, ಅವರು ಆ ಗ್ರಂಥಗಳನ್ನು ಶೋಧಿಸಿ ಓದಿದರು. ಬೇರೆ ಎಲ್ಲದರಲ್ಲಿಯೂ ಭಿನ್ನಾಭಿಪ್ರಾಯವಿದ್ದರೂ ಸ್ತ್ರೀಯು ಹೀನಳೆಂಬುದರಲ್ಲಿ ಮಾತ್ರ ಶಾಸ್ತ್ರಕಾರರು ಒಮ್ಮತದವರಾಗಿರುವರೆಂದು ಅವರಿಗೆ ಕಂಡಿತು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಅವರ ಕೈಯಲ್ಲಿಟ್ಟು ಓದಲು ಪ್ರೇರಿಸಿದರು.

1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರುಷ ರಮಾಬಾಯಿಯವರು ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು, ಜಾತಿಯನ್ನು ಲೆಕ್ಕಿಸದೆ, ಸಿವಿಲ್ ಕಾನೂನಿನಂತೆ ಮದುವೆಯಾದರು. ಸಿಲ್ಚಾರಿನ ಮನೆಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯು ಅವರ ಕೈಗೆ ಸಿಕ್ಕಿತು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯು ಕಾಲರಾ ಬೇನೆಗೆ ತುತ್ತಾದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ವಿಧವೆಯಾದ ಅವರು ಕೂಸನ್ನು ಎತ್ತಿಕೊಂಡು ಪುಣೆಗೆ ಬಂದರು. ಅಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದುದು, ಹಂಟರ್ ಆಯೋಗದ ಮುಂದೆ ಸ್ತ್ರೀವೈದ್ಯರೂ ಸ್ತ್ರೀ ಉಪಾಧ್ಯಾಯರೂ ಬೇಕೆಂದು ಸಾಕ್ಷಿ ನುಡಿದುದು, ಇವೆಲ್ಲ ಅದೇ ವರುಷದಲ್ಲಿ ನಡೆದುವು.

ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಆಸೆಯಿಂದ 1883ರಲ್ಲಿ ಅವರು ಇಂಗ್ಲೆಂಡಿಗೆ ಹೊರಟರು. ತಾವು ಕ್ರೈಸ್ತರಾಗುವುದಿಲ್ಲವೆಂದು ಸ್ನೇಹಿತರಿಗೆ ದೃಢವಾಗಿ ಹೇಳಿಯೇ ಹಡಗನ್ನು ಹತ್ತಿದರು. ವಾಂಟೇಜಿನ ಸೇಂಟ್ ಮೇರಿ ಕನ್ಯಾಮಠದ ಸಹೋದರಿಯರು ಅವರನ್ನು ಆದರದಿಂದ ಬರಮಾಡಿಕೊಂಡರು. ಫುಲ್ಹಾಮಿನಲ್ಲಿ ಆ ಸಹೋದರಿಯರು ದಾರಿತಪ್ಪಿದ ಹೆಣ್ಣುಮಕ್ಕಳಿಗಾಗಿ ನಡೆಸುತ್ತಿದ್ದ ಮನೆಯನ್ನು ಕಂಡದ್ದು ರಮಾಬಾಯಿಯವರ ಹೃದಯವನ್ನು ಕಲಕಿತು. ಲೋಕವು ತಳ್ಳಿಬಿಟ್ಟವರನ್ನು ಇವರು ಏತಕ್ಕೆ ಹೀಗೆ ಪ್ರೀತಿಸುವರೆಂದು ಕೇಳಿದಾಗ, ಸಮಾರ್ಯದ ಸ್ತ್ರೀಯ ವೃತ್ತಾಂತವನ್ನು ಅವರಿಗೆ ಓದಿ ಹೇಳಿದರು. ಬುದ್ಧಿಗೆ ಉಳಿದಿದ್ದ ಸಂಶಯಗಳಿಗೆ, ತಾವೂ ಪೂರ್ವದಲ್ಲಿ ಕಾಶಿಯ ಪಂಡಿತರಾಗಿದ್ದ ನೆಹೆಮಿಯಾ ಗೋರೆಯವರು ಪತ್ರಮುಖೇನ ಉತ್ತರವಿತ್ತರು. ಈ ನಡುವೆ ಒಂದು ಘೋರವೂ ನಡೆಯಿತು: ಜೊತೆಯಲ್ಲಿ ಬಂದಿದ್ದ ಆನಂದಿಬಾಯಿ ಭಗತರು ಪರದೇಶದಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಕೆಲವು ವಾರಗಳಾದ ಮೇಲೆ, 1883ನೆಯ ಸೆಪ್ಟೆಂಬರ್ 29ರಂದು, ರಮಾಬಾಯಿಯವರೂ ಎರಡು ವರುಷದ ಮನೋರಮೆಯೂ ದೀಕ್ಷಾಸ್ನಾನವನ್ನು ಹೊಂದಿದರು.

ನಮ್ಮ ಪಾಠಪುಸ್ತಕದ ಕಥೆಯು ಇಲ್ಲಿಂದ ಮುಂಬಯಿಗೆ ಹಾರಿಬಿಡುವುದು. ನಿಜವಾದ ಕಥೆಯು ಹಾರಲಿಲ್ಲ.

ಅವರ ಆತ್ಮೀಯ ಪೋಷಣೆಯ ಹೊಣೆಯನ್ನು ಹೊತ್ತವರು ಜೆರಾಲ್ಡಿನ್ ಎಂಬ ಸಹೋದರಿ. ಮುಪ್ಪಿನ ಅಕ್ಕರೆಯುಳ್ಳವರೆಂದು ರಮಾಬಾಯಿಯವರು ಅವರನ್ನು ಅಜ್ಜೀಬಾಯಿ ಎಂದು ಕರೆಯುತ್ತಿದ್ದರು. 1884ರಲ್ಲಿ ರಮಾಬಾಯಿಯವರು ಚೆಲ್ಟೆನ್‌ಹ್ಯಾಮಿನ ಮಹಿಳಾ ಕಾಲೇಜಿಗೆ ಹೋದರು. ಕಿವಿಯು ಮಂದವಾಗುತ್ತ ಬಂದುದರಿಂದ ವೈದ್ಯವಿದ್ಯೆಯ ಆಸೆಯನ್ನು ಬಿಡಬೇಕಾಗಿತ್ತು. ಅಲ್ಲಿಯ ಮುಖ್ಯಾಧ್ಯಾಪಿಕೆ ಡೊರೊಥಿಯಾ ಬೀಲ್ ಎಂಬವರು. ಈ ಇಬ್ಬರಿಗೂ ರಮಾಬಾಯಿಯವರಿಗೂ ನಡೆದ ಪತ್ರವ್ಯವಹಾರವನ್ನು ಜೆರಾಲ್ಡಿನರೇ ಸಂಗ್ರಹಿಸಿಟ್ಟಿದ್ದರು. ಅದು 1977ರಲ್ಲಿ ಅಚ್ಚಾಯಿತು. ಅದನ್ನು ಓದಿದ ಮೇಲೆಯೇ ನಮಗೆ ಈ ಸಂಗತಿಗಳು ಸ್ಪಷ್ಟವಾದುವು.

ವಾದದ ಮುಖ್ಯ ವಿಷಯವು ತ್ರಯೈಕತ್ವ. ದೇವರು ಒಬ್ಬನೆಂದು ಸತ್ಯವೇದವು ಹೇಳುವಾಗ, ತಂದೆ, ಮಗ, ಪವಿತ್ರಾತ್ಮ ಎಂಬ ಮೂವರೂ ಸಮಾನರಾದ ದೇವರೆಂದು ಹೇಗೆ ಒಪ್ಪುವುದು? ಕ್ರಿಸ್ತನು ರಕ್ಷಕನೆಂದೂ ದೇವರಿಂದ ಬಂದವನೆಂದೂ ರಮಾಬಾಯಿಯವರು ಮನಸಾರೆ ನಂಬಿದ್ದರು; ಆದರೆ ಅಥನಾಸಿಯನ ವಿಶ್ವಾಸಪ್ರಮಾಣವು ಬಳಸುವ ಮಾತುಗಳು ಸುವಾರ್ತೆಯಲ್ಲಿ ಎಲ್ಲಿವೆ ಎಂದು ಕೇಳಿದರು. ಆ ಪ್ರಮಾಣವು, ತಾನು ಹೇಳಿದಂತೆ ನಂಬದವನು ನಿತ್ಯನಾಶಕ್ಕೆ ಗುರಿಯಾಗುವನೆಂದು ಘೋಷಿಸುವುದಷ್ಟೆ. ಹೀಗೆ ತೀರ್ಪು ಕೊಡುವ ಅಧಿಕಾರವನ್ನು ಮನುಷ್ಯರಿಗೆ ಕೊಟ್ಟವರಾರೆಂಬುದು ಅವರ ಸಂಕಟ. ಕನ್ಯಾಜನನ, ಪುನರುತ್ಥಾನ ಮುಂತಾದವುಗಳ ವಿಷಯದಲ್ಲಿಯೂ ತೊಡಕುಗಳು ಎದ್ದುವು. ತಾವು ದೀಕ್ಷಾಸ್ನಾನವನ್ನು ಹೊಂದಿದ್ದು ಕ್ರಿಸ್ತನ ಸಾರ್ವತ್ರಿಕ ಸಭೆಯೊಳಗೆ ಸೇರುವುದಕ್ಕೆ. ಇಂಗ್ಲೆಂಡಿನ ಸಭೆಯ ಪ್ರತಿಯೊಂದು ವಿಧಿಗೂ ಕಟ್ಟುಬೀಳುವುದಕ್ಕಲ್ಲ ಎಂದು ಅವರ ನಿಲುವು. ಬಹು ಕಷ್ಟದಿಂದ ತಮ್ಮ ದೇಶದ ಪುರೋಹಿತರ ನೊಗವನ್ನು ಕಳಚಿದ ಮೇಲೆ ಅಂತಹುದೇ ಇನ್ನೊಂದು ನೊಗಕ್ಕೆ ಕೊರಳನ್ನು ಕೊಡಲಾರೆನೆಂದು ನೇರವಾಗಿಯೇ ಬರೆದರು. ದೇವರ ವಾಕ್ಯಕ್ಕೆ ವಿಧೇಯತೆ ಬೇರೆ, ಮನುಷ್ಯರಿಗೆ ವಿಧೇಯತೆ ಬೇರೆ ಎಂಬ ಭೇದವನ್ನು ಅವರು ಎಲ್ಲಿಯೂ ಬಿಟ್ಟುಕೊಡಲಿಲ್ಲ.

ಜೆರಾಲ್ಡಿನರಿಗೆ ಇದು ಗರ್ವವಾಗಿ ಕಂಡಿತು. ಅವರನ್ನು ಕಠಿಣಚಿತ್ತರೆಂದು ತಿಳಿಯುವುದು ನ್ಯಾಯವಲ್ಲ. ತಾವು ತಮ್ಮ ಕೈಯಿಂದ ಸಭೆಯೊಳಗೆ ನಡೆಸಿಕೊಂಡು ಬಂದ ಮಗಳು ಹೊಸ್ತಿಲಲ್ಲಿಯೇ ನಿಂತು ಗೋಡೆಗಳನ್ನು ತಟ್ಟಿ ನೋಡುತ್ತಿರುವಳೆಂದು ಅವರಿಗೆ ನೋವು. ಬೀಲ್ ಅವರ ರೀತಿಯು ಬೇರೆಯಾಗಿತ್ತು. ಅವರು ಗಣಿತವನ್ನೂ ತತ್ತ್ವಶಾಸ್ತ್ರವನ್ನೂ ಬಲ್ಲ ಶಿಕ್ಷಕಿ. ಪ್ರಶ್ನೆಯನ್ನು ಪಾಪವೆಂದು ಎಣಿಸದೆ, ತಾವೂ ಒಂದು ಕಾಲದಲ್ಲಿ ಸಂಶಯಗಳಲ್ಲಿ ನಡೆದವರೆಂದು ಮರೆಮಾಚದೆ, ಉದ್ದವಾದ ಪತ್ರಗಳಲ್ಲಿ ಉತ್ತರ ಬರೆದರು. ರಮಾಬಾಯಿಯವರು ಎಲ್ಲಕ್ಕೂ ಒಪ್ಪಲಿಲ್ಲವಾದರೂ ಬೀಲ್ ಅವರ ಮೇಲಣ ಗೌರವವು ಕಡೆಯವರೆಗೂ ಕುಂದಲಿಲ್ಲ.

ವಾದವು ದೊಡ್ಡ ಸಿದ್ಧಾಂತಗಳಲ್ಲಿಯೇ ನಿಲ್ಲಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಮಾತುಗಳನ್ನು ಕೆತ್ತಿಸುವ ಸಂಗತಿ ಬಂದಾಗ, ನಮ್ಮ ಸಂಸ್ಕೃತದಲ್ಲಿ ಇಲ್ಲದ ಪಾವಿತ್ರ್ಯವು ಲ್ಯಾಟಿನಿನಲ್ಲಿ ಏನಿದೆ ಎಂದು ಅವರು ಕೇಳಿದರು. ಮಾಂಸಾಹಾರವನ್ನು ಅವರು ಮುಟ್ಟಲಿಲ್ಲ. ಅದು ಜಾತಿಯ ಅಹಂಕಾರದ ಶೇಷವೆಂದು ಸಹೋದರಿಯು ಶಂಕಿಸಿದರು. ಕಾಲೇಜಿನಲ್ಲಿ ಪುರುಷರಿಗೂ ಪಾಠ ಹೇಳಬಹುದೇ ಎಂಬ ಪ್ರಶ್ನೆಯು ಹುಟ್ಟಿದಾಗ, ಭಾರತದಲ್ಲಿದ್ದ ಬಿಷಪ್ಪರುಗಳು ಅದು ಭಾರತೀಯರ ದೃಷ್ಟಿಯಲ್ಲಿ ಅನುಚಿತವಾಗುವುದೆಂದು ತಡೆದರು. ರಮಾಬಾಯಿಯವರಿಗೆ ಆಶ್ಚರ್ಯವಾಯಿತು: ತಮ್ಮ ತಾಯಿಯು ಗಂಡುಮಕ್ಕಳಿಗೆ ಪಾಠ ಹೇಳುವುದನ್ನು ಸನಾತನಿಯಾದ ತಂದೆಯೇ ತಡೆದಿರಲಿಲ್ಲವಲ್ಲ! ತಮ್ಮ ಮಗಳಿಗೆ ತಾವೇ ಇನ್ನೂ ಒಪ್ಪದ ಸಿದ್ಧಾಂತಗಳನ್ನು ತಮ್ಮನ್ನು ಕೇಳದೆ ಕಲಿಸುವುದಕ್ಕೂ ಅವರು ಆಕ್ಷೇಪಿಸಿದರು.

ಇಲ್ಲಿ ನಮ್ಮ ಕಾರಣವನ್ನು ಹೇಳಬೇಕಾಗಿದೆ. ನಾವು ತರಬೇತನ್ನು ಮುಗಿಸಿ ಬಂದ ಮೊದಲನೆಯ ವರುಷಗಳಲ್ಲಿ, ಸತ್ಯವೇದದ ತರಗತಿಯಲ್ಲಿ ಹದಿನಾಲ್ಕು ವರುಷದ ಹುಡುಗಿಯೊಬ್ಬಳು ಎದ್ದು, ಮೂವರು ಒಬ್ಬರಾಗುವುದು ಹೇಗೆಂದು ಕೇಳಿದಳು. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. ನಮಗೆ ಉತ್ತರವು ತಿಳಿದಿರಲಿಲ್ಲ; ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. ಇಂತಹುದನ್ನು ಕೇಳುವುದು ಭಕ್ತಿಯ ಲಕ್ಷಣವಲ್ಲವೆಂದು ಹೇಳಿ ಕುಳ್ಳಿರಿಸಿದೆವು. ಆ ವರುಷವೆಲ್ಲ ಅವಳು ನಮ್ಮ ತರಗತಿಯಲ್ಲಿ ಮತ್ತೆ ಕೈಯೆತ್ತಲಿಲ್ಲ, ಭೂಗೋಳದಲ್ಲಿಯೂ ಕೂಡ. ಬಹು ವರುಷಗಳ ತರುವಾಯ ಜೆರಾಲ್ಡಿನರ ಪತ್ರಗಳನ್ನು ಓದುತ್ತಿರುವಾಗ ಅವರು ನಮಗೆ ಪರಿಚಿತರಾಗಿ ಕಂಡುದು ಅದಕ್ಕಾಗಿಯೇ. ಆ ವಿದ್ಯಾರ್ಥಿನಿಯು ಈ ಸಂಚಿಕೆಯನ್ನು ಓದುವಳೋ ಇಲ್ಲವೋ ಅರಿಯೆವು. ಓದಿದಲ್ಲಿ, ಅಂದಿನ ತಪ್ಪು ಅವಳದಲ್ಲ, ನಮ್ಮದು.

ನಮ್ಮ ನಂಬಿಕೆಯೇನೆಂದು ಕೇಳುವವರುಂಟು, ಆದುದರಿಂದ ಹೇಳಿಬಿಡುವೆವು. ನಾವು ತ್ರಿಯೇಕ ದೇವರನ್ನು ನಂಬಿ ಆರಾಧಿಸುವವರು. ಆದರೆ ಆ ಗೂಢಾರ್ಥವನ್ನು ಲೆಕ್ಕದಂತೆ ಬಿಡಿಸಿ ತೋರಿಸಬಲ್ಲೆವೆಂಬ ಹೆಮ್ಮೆಯು ನಮಗಿಲ್ಲ. ಶಾಪದ ಮಾತುಗಳುಳ್ಳ ಆ ಪ್ರಮಾಣದ ವಿಷಯದಲ್ಲಿಯಂತೂ ನಮ್ಮ ಮನಸ್ಸು ರಮಾಬಾಯಿಯವರ ಕಡೆಗೇ ವಾಲುವುದು. 1947ರಲ್ಲಿ ದಕ್ಷಿಣ ಭಾರತ ಸಭೆಯು ಏರ್ಪಟ್ಟಾಗ ಅಪೊಸ್ತಲರ ಪ್ರಮಾಣವನ್ನೂ ನೈಸೀಯ ಪ್ರಮಾಣವನ್ನೂ ತನ್ನ ವಿಶ್ವಾಸದ ಹೇಳಿಕೆಗಳಾಗಿ ಹೆಸರಿಸಿತು; ಮೂರನೆಯದನ್ನು ಹೆಸರಿಸಲಿಲ್ಲ. ನಮಗೆ ಅದು ಸಮಾಧಾನವೇ.

1886ರಲ್ಲಿ ರಮಾಬಾಯಿಯವರು ಅಮೆರಿಕೆಗೆ ಹೋದರು. ಅವರ ಬಂಧುವಾದ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯದಲ್ಲಿ ವೈದ್ಯಪದವಿಯನ್ನು ಪಡೆಯುವುದನ್ನು ನೋಡಲು ಹೋದವರು ಸುಮಾರು ಎರಡೂವರೆ ವರುಷ ಅಲ್ಲಿಯೇ ನಿಂತರು. ಮೇಲ್ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು 1887ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥವು ಹೆಸರಾಯಿತು. ಬಾಸ್ಟನ್ ನಗರದಲ್ಲಿ ರಮಾಬಾಯಿ ಅಸೋಸಿಯೇಶನ್ ಸ್ಥಾಪಿತವಾಗಿ ಹತ್ತು ವರುಷಗಳ ಸಹಾಯಕ್ಕೆ ಒಪ್ಪಿತು. ಅದರ ಅಧ್ಯಕ್ಷರಾದ ಎಡ್ವರ್ಡ್ ಎವರೆಟ್ ಹೇಲರು ತ್ರಯೈಕತ್ವವನ್ನು ಒಪ್ಪದ ಯೂನಿಟೇರಿಯನ್ ಪಂಥದ ಬೋಧಕರೆಂಬುದನ್ನು ಇಲ್ಲಿ ಗಮನಿಸಬಹುದು. ಬೇರೆ ಬೇರೆ ಪಂಗಡಗಳವರು ಅವರೊಡನೆ ಒಂದೇ ಮೇಜಿನ ಸುತ್ತ ಕುಳಿತು ವಿಧವೆಯರಿಗಾಗಿ ಹಣ ಕೂಡಿಸಿದರು.

1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಮರುವರುಷ ಅದು ಪುಣೆಗೆ ಹೋಯಿತು. ಅಲ್ಲಿ ಮತಬೋಧನೆ ಇರದೆಂದೂ, ವಿದ್ಯಾರ್ಥಿನಿಯರು ತಮ್ಮ ಆಚಾರಗಳನ್ನು ನಡೆಸಿಕೊಳ್ಳಬಹುದೆಂದೂ ಮಾತು ಕೊಟ್ಟಿದ್ದರು. ರಾನಡೆ, ಭಾಂಡಾರಕರರಂತಹ ಮಹನೀಯರು ಸಲಹಾಮಂಡಲಿಯಲ್ಲಿದ್ದರು. ಈ ಮಧ್ಯೆ ರಮಾಬಾಯಿಯವರ ಒಳಗಿನ ಹುಡುಕಾಟವು ನಿಂತಿರಲಿಲ್ಲ. 1891ರ ಸುಮಾರಿಗೆ ವಿಲಿಯಂ ಹ್ಯಾಸ್ಲಮರ ಆತ್ಮಕಥೆಯನ್ನು ಓದಿ, ತಮಗೆ ಕ್ರೈಸ್ತ ಮತವು ಸಿಕ್ಕಿತ್ತೇ ಹೊರತು ಕ್ರಿಸ್ತನು ಸಿಕ್ಕಿರಲಿಲ್ಲವೆಂದು ಅವರಿಗೆ ಹೊಳೆಯಿತು. ಚೆಲ್ಟೆನ್‌ಹ್ಯಾಮಿನಲ್ಲಿ ಯಾರ ವಾದಕ್ಕೂ ಬಗ್ಗದ ಬುದ್ಧಿಯು ಇಲ್ಲಿ ತಾನಾಗಿಯೇ ಬಗ್ಗಿತು. ಆ ಮೇಲೆ ಅವರು ಕ್ರಿಸ್ತನ ದೈವತ್ವವನ್ನು ಕುರಿತು ಹಿಂದಿನಂತೆ ವಾದಿಸಲಿಲ್ಲ.

ಅವರು ಮುಂಜಾನೆ ಮಗಳೊಡನೆ ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕರೆಯದೆಯೇ ಕೆಲವು ಹುಡುಗಿಯರು ಬಂದು ಕುಳಿತರು. ಸುದ್ದಿಯು ಹರಡಿತು. ತಿಲಕರ ಕೇಸರಿ ಪತ್ರಿಕೆಯು ತೀಕ್ಷ್ಣವಾಗಿ ಬರೆಯಿತು. 1893ರಲ್ಲಿ ಸಲಹಾಮಂಡಲಿಯವರು ರಾಜೀನಾಮೆಯಿತ್ತರು. ಸುಮಾರು ಇಪ್ಪತ್ತೈದು ಹುಡುಗಿಯರನ್ನು ಪೋಷಕರು ಹಿಂದಕ್ಕೆ ಕರೆದುಕೊಂಡರು. ಅವರಲ್ಲಿ ಎಷ್ಟೋ ಮಂದಿ ಮತ್ತೆ ಹಳೆಯ ಮೂಲೆಗೇ ಸೇರಿದ ಎಳೆಯ ವಿಧವೆಯರು.

ಮಿಶನ್ ಶಾಲೆಯೊಂದರ ಮುಖ್ಯಾಧ್ಯಾಪಿಕೆಯಾಗಿ ಈ ಸಂಗತಿಯನ್ನು ನಾವು ಅನೇಕ ಸಲ ಯೋಚಿಸಿರುವೆವು. ನಮ್ಮಲ್ಲಿಗೆ ಮಕ್ಕಳನ್ನು ಕಳುಹಿಸುವ ಪೋಷಕರಲ್ಲಿ ಎಲ್ಲಾ ಮತದವರೂ ಇರುವರು. ತನ್ನ ಮನೆಯಲ್ಲಿ ಬಾಗಿಲು ತೆರೆದು ಪ್ರಾರ್ಥಿಸುವ ಹಕ್ಕು ರಮಾಬಾಯಿಯವರಿಗಿತ್ತು. ಹಿಂದೂ ಹುಡುಗಿಯರು ತಮ್ಮ ಪೂಜೆಯನ್ನು ಮುಚ್ಚಿಡಬೇಕಾಗಿಲ್ಲದಾಗ ತಾವೇಕೆ ಮುಚ್ಚಿಡಬೇಕೆಂದು ಅವರು ವಾದಿಸಿದುದೂ ಸರಿಯೇ. ಆದರೂ ಮಕ್ಕಳು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಗುರುವಿನ ತೆರೆದ ಬಾಗಿಲು ಬರಿಯ ಬಾಗಿಲಲ್ಲ, ಅದು ಕರೆಯುವುದು. ಮಾತು ಪಡೆದುಕೊಂಡಿದ್ದ ಪೋಷಕರ ಕಳವಳಕ್ಕೆ ಕಾರಣವೇ ಇರಲಿಲ್ಲವೆಂದು ನಾವು ಹೇಳಲಾರೆವು. ತಮ್ಮ ಮಗಳಿಗೆ ತಮ್ಮನ್ನು ಕೇಳದೆ ಸಿದ್ಧಾಂತವನ್ನು ಕಲಿಸಬಾರದೆಂದು ವಾಂಟೇಜಿಗೆ ಬರೆದ ತಾಯಿಯೂ ಇದೇ ರಮಾಬಾಯಿಯವರಲ್ಲವೇ? ಈ ತೊಡಕನ್ನು ನಾವು ಇನ್ನೂ ಪೂರ್ತಿಯಾಗಿ ಬಿಡಿಸಿಕೊಂಡಿಲ್ಲ.

ಮುಂದಿನ ವೃತ್ತಾಂತವು ಎಲ್ಲರೂ ಬಲ್ಲುದೇ. ಪುಣೆಯ ಹೊರಗೆ ಕೇಡಗಾಂವದಲ್ಲಿ ಕೊಂಡಿದ್ದ ಹೊಲದಲ್ಲಿ ಮುಕ್ತಿ ಸದನವು ಬೆಳೆಯಿತು. 1896-97ರ ಕ್ಷಾಮದಲ್ಲಿ ರಮಾಬಾಯಿಯವರು ಮಧ್ಯಪ್ರಾಂತಕ್ಕೆ ತಾವೇ ಹೋಗಿ ಸುಮಾರು ಮುನ್ನೂರು ಬಾಲಿಕೆಯರನ್ನು ಕರೆತಂದರು; 1900ರ ಗುಜರಾತಿನ ಕ್ಷಾಮದಲ್ಲಿ ಇನ್ನೂ ನೂರಾರು ಮಂದಿ ಬಂದರು. ಮರಳಿನ ಗುಂಡಿಯಲ್ಲಿ ರಾತ್ರಿ ಕಳೆದವರಿಗೆ ಹಸಿವೆಂದರೇನೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಹೊಲ, ಮಗ್ಗ, ಎಣ್ಣೆಗಾಣ, ಕುರುಡರ ಶಾಲೆ, ಅಚ್ಚುಕೂಟ, ಎಲ್ಲವನ್ನೂ ಹೆಂಗಸರೇ ನಡೆಸುತ್ತಿದ್ದರು. 1905ರಲ್ಲಿ ಅಲ್ಲಿ ದೊಡ್ಡ ಆತ್ಮೋಜ್ಜೀವನವು ಉಂಟಾಯಿತು. ಹುಡುಗಿಯರು ಗಟ್ಟಿಯಾಗಿ ಅಳುತ್ತ, ಎಲ್ಲರೂ ಒಮ್ಮೆಗೇ ಪ್ರಾರ್ಥಿಸುತ್ತಿದ್ದುದನ್ನು ಕೆಲವು ಮಿಶನರಿಗಳು ಟೀಕಿಸಿದರು. ಭಾರತೀಯ ಕ್ರೈಸ್ತರು ತಮ್ಮ ರೀತಿಯಲ್ಲಿ ದೇವರನ್ನು ಆರಾಧಿಸಲಿ, ಪಾಶ್ಚಾತ್ಯರ ಗಾಂಭೀರ್ಯವನ್ನು ಅವರ ಮೇಲೆ ಹೇರಬೇಕಾಗಿಲ್ಲವೆಂದು ರಮಾಬಾಯಿಯವರು ಉತ್ತರವಿತ್ತರು. ಲ್ಯಾಟಿನ್ ಶಿಲುಬೆಯ ಕಾಲದ ರಮಾಬಾಯಿಯವರು ಹೋಗಿರಲಿಲ್ಲವೆಂದು ಇದರಿಂದ ನಮಗೆ ತೋರುವುದು.

ಅವರಿಗೆ ನಮ್ಮ ನಾಡಿನ ಸಂಬಂಧವು ಕೊನೆಗಾಲದಲ್ಲಿ ಮತ್ತೊಮ್ಮೆ ಒದಗಿತು. ಅಂದು ನಿಜಾಮರ ರಾಜ್ಯದಲ್ಲಿದ್ದ ಗುಲ್ಬರ್ಗ, ಎಂದರೆ ಇಂದಿನ ಕಲಬುರಗಿಯಲ್ಲಿ, ತಾಯಿಮಗಳು ಕೂಡಿ ಒಂದು ಶಾಲೆಯನ್ನು ತೆರೆದರು. ಅದರ ಆಡಳಿತವನ್ನು ಮನೋರಮಾಬಾಯಿಯವರು ನೋಡಿಕೊಂಡರು.

ತಮ್ಮ ಹೆಣ್ಣುಮಕ್ಕಳಿಗೆ ಮರಾಠಿ ಸತ್ಯವೇದದ ಸಂಸ್ಕೃತಭರಿತ ಭಾಷೆಯು ಅರ್ಥವಾಗುವುದಿಲ್ಲವೆಂಬುದನ್ನು ಕಂಡು, ರಮಾಬಾಯಿಯವರು ನಡುವಯಸ್ಸು ದಾಟಿದ ಮೇಲೆ ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿಯಲಾರಂಭಿಸಿದರು. ಸಂಸ್ಕೃತದಿಂದಲೇ ಕೀರ್ತಿಯನ್ನು ಪಡೆದವರು ಸಂಸ್ಕೃತದ ಮಾತುಗಳನ್ನು ಒಂದೊಂದಾಗಿ ತೆಗೆದುಹಾಕುತ್ತ, ಕ್ಷಾಮದಿಂದ ಬಂದ ಹುಡುಗಿಗೂ ತಿಳಿಯುವ ನುಡಿಯನ್ನು ಹುಡುಕಿದರು. ವಿಶ್ವಾಸಪ್ರಮಾಣದ ಮಾತುಗಳು ಮೂಲದಲ್ಲಿ ಎಲ್ಲಿವೆ ಎಂದು ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕೇಳಿದ್ದವರು ಕಡೆಗೆ ಆ ಮೂಲವನ್ನೇ ಪದಪದವಾಗಿ ಓದಿದರು. 1921ರ ಜುಲೈಯಲ್ಲಿ, ಕೆಲಸವು ಇನ್ನೂ ಮುಗಿಯದಿರುವಾಗಲೇ, ತಮ್ಮ ಬಲಗೈಯಾಗಿದ್ದ ಮನೋರಮೆಯನ್ನು ಕಳೆದುಕೊಂಡರು. ಆದರೂ ಮೇಜನ್ನು ಬಿಟ್ಟು ಏಳಲಿಲ್ಲ. ಮುಕ್ತಿಯ ಹೆಂಗಸರೇ ಮೊಳೆಗಳನ್ನು ಜೋಡಿಸಿ ತೆಗೆದ ಕರಡುಪ್ರತಿಗಳನ್ನು ಕಿವಿ ಕೇಳಿಸದ ಆ ತಾಯಿಯು ಕೊನೆಯ ಹಾಳೆಯವರೆಗೂ ತಿದ್ದಿ ಮುಗಿಸಿ, 1922ನೆಯ ಏಪ್ರಿಲ್ 5ರಂದು ಕೇಡಗಾಂವದಲ್ಲಿ ಕಣ್ಮುಚ್ಚಿದರು.